ಬೇಳದ ವ್ಯಾಕುಲಮಾತೆಯ ಇಗರ್ಜಿ: ಶಿಲ್ಪ, ಲಿಪಿ ಮತ್ತು ಗಡಿ

ಕಾಸರಗೋಡಿನ ಉತ್ತರಕ್ಕೆ, ಕುಂಬಳೆಯಿಂದ ಬದಿಯಡ್ಕದ ಕಡೆಗೆ ಒಳನಾಡಿಗೆ ಸಾಗುವ ದಾರಿಯಲ್ಲಿ ನೀರ್ಚಾಲಿನ ಸಮೀಪ ಬೇಳ ಎಂಬ ಗ್ರಾಮವಿದೆ. ಮುರಕಲ್ಲಿನ ಗುಡ್ಡಗಳು, ಅವುಗಳ ತಗ್ಗಿನಲ್ಲಿ ಅಡಕೆ ತೋಟ ಮತ್ತು ಗದ್ದೆಗಳು, ನಡುನಡುವೆ ದೂರದೂರಕ್ಕೆ ಮನೆಗಳು: ತುಳುನಾಡಿನ ಯಾವುದೇ ಊರಿಗೂ ಒಪ್ಪುವ ಚಿತ್ರವಿದು. ಈ ಊರನ್ನು ಬೇರೆಯಾಗಿ ಗುರುತಿಸುವಂತೆ ಮಾಡಿರುವುದು 1890ರಲ್ಲಿ ಕಟ್ಟಲಾದ ವ್ಯಾಕುಲಮಾತೆಯ ಇಗರ್ಜಿ. ಗೋಥಿಕ್ ಶೈಲಿಯ ಈ ಕಟ್ಟಡ ಇಂದು ಕೇರಳದ ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಸೇರಿದೆ. ಆದರೆ ಅದನ್ನು ಕೇವಲ ನೋಡತಕ್ಕ ಕಟ್ಟಡವೆಂದು ಬಗೆದರೆ ಅದರ ಚರಿತ್ರೆಯ ಮುಖ್ಯಾಂಶವೇ ಕೈತಪ್ಪುತ್ತದೆ. ಕೇರಳದ ನೆಲದಲ್ಲಿದ್ದು, ಮಂಗಳೂರಿನ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟು, ಕೊಂಕಣಿಯಲ್ಲಿ ಪ್ರಾರ್ಥಿಸಿ, ಆ ಪ್ರಾರ್ಥನೆಯನ್ನು ಕನ್ನಡ ಲಿಪಿಯಲ್ಲಿ ಓದುವ ಒಂದು ಸಮುದಾಯದ ಕೇಂದ್ರ ಅದು. ರಾಜ್ಯದ ಗಡಿ, ಧರ್ಮಪ್ರಾಂತ್ಯದ ಗಡಿ ಮತ್ತು ಲಿಪಿಯ ಗಡಿ, ಈ ಮೂರೂ ಒಂದರ ಮೇಲೊಂದು ಕೂಡದೆ ಇರುವ ಸ್ಥಿತಿಯನ್ನು ಅಧ್ಯಯನ ಮಾಡಲು ಬೇಳದಂತಹ ಗ್ರಾಮೀಣ ಇಗರ್ಜಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಹಿನ್ನೆಲೆ

ಕರಾವಳಿಯ ಕೊಂಕಣಿ ಕ್ರೈಸ್ತರು ಗೋವೆಯಿಂದ ಬಂದವರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಈ ವಲಸೆಗೆ ಒಂದೇ ಕಾರಣವಿರಲಿಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಶನ್, ಆದಿಲಶಾಹಿ ಸೈನ್ಯದೊಡನೆ ನಡೆದ ಯುದ್ಧಗಳು, ಬರಗಾಲ, ತೆರಿಗೆಯ ಭಾರ, ಮುಂದೆ 1683ರಲ್ಲಿ ಸಂಭಾಜಿಯ ದಾಳಿ ಎಲ್ಲವೂ ಜನರನ್ನು ದಕ್ಷಿಣಕ್ಕೆ ತಳ್ಳಿದವು. ಅವರು ಬಂದು ನೆಲೆಸಿದ ನಾಡಿನಲ್ಲಿ ಭೂಮಿಯಿತ್ತು. ಅದನ್ನು ಹಸನು ಮಾಡಿ ಸಾಗುವಳಿಗೆ ತರುವ ಒಕ್ಕಲುಗಳ ಅಗತ್ಯವೂ ಇತ್ತು. ಆದುದರಿಂದ ಗೋವೆಯ ಕೊಂಕಣಿ ಮಾತೃಭಾಷೆಯವರು ತುಳುವಿನ ನೆರೆಹೊರೆಯಲ್ಲಿ, ಕನ್ನಡದ ಆಡಳಿತದಲ್ಲಿ ರೈತರಾಗಿ ಬೇರೂರಿದರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಚಾವಡಿಯ ಕಡತದಲ್ಲಿ ಕನ್ನಡ, ದೇವಾಲಯದಲ್ಲಿ ಲತೀನು ಎಂಬ ನಾಲ್ಕು ಭಾಷೆಗಳ ವ್ಯವಸ್ಥೆ ಈ ನೆಲೆಯಲ್ಲಿಯೇ ರೂಪುಗೊಂಡಿತು.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಇಗರ್ಜಿಗಳು ನೆಲಸಮವಾದವು, ಜಮೀನು ಬೇರೆಯವರ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬದುಕುಳಿದವರು ಹಿಂದಿರುಗಿದರು. ಅದೇ ವರ್ಷ ಕೆನರಾ ಇಂಗ್ಲಿಷ್ ಕಂಪೆನಿಯ ವಶಕ್ಕೆ ಬಂದು ಮದರಾಸು ಪ್ರಾಂತ್ಯಕ್ಕೆ ಸೇರಿತು. 1801ರಲ್ಲಿ ಮಲಬಾರಿನಿಂದ ಈ ದಾರಿಯಾಗಿ ಉತ್ತರಕ್ಕೆ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕನನ್ ಚಂದ್ರಗಿರಿ ಹೊಳೆಯನ್ನು ಮಲೆಯಾಳಕ್ಕೂ ತುಳುವಕ್ಕೂ ನಡುವಿನ ಎಲ್ಲೆಯೆಂದು ದಾಖಲಿಸಿದ್ದಾನೆ. ಬೇಳ ಇರುವುದು ಆ ಹೊಳೆಯ ಉತ್ತರಕ್ಕೆ. ಮುಂದೆ ಒಂದೂವರೆ ಶತಮಾನದ ಬಳಿಕ ಗಡಿಯ ವಿವಾದದಲ್ಲಿ ಮತ್ತೆ ಮತ್ತೆ ಕೇಳಿಬಂದ ಹೊಳೆಯೂ ಇದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೆನರಾದ ಕಥೋಲಿಕರ ಮೇಲಿನ ಅಧಿಕಾರಕ್ಕಾಗಿ ಗೋವೆಯ ಪೋರ್ಚುಗೀಸ್ ಪದ್ರುವಾದೊ ಮತ್ತು ರೋಮಿನ ಪ್ರೊಪಗಾಂಡಾ ಸಂಸ್ಥೆಗಳ ನಡುವೆ ದೀರ್ಘ ಪೈಪೋಟಿ ನಡೆಯಿತು. 1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಹದಿಮೂರನೆಯ ಲಿಯೋ ಪೋಪರು ಭಾರತದ ಧರ್ಮಾಡಳಿತವನ್ನು ಪುನರ್ರಚಿಸಿದಾಗ ಮಂಗಳೂರು ಪೂರ್ಣ ಪ್ರಮಾಣದ ಧರ್ಮಪ್ರಾಂತ್ಯವಾಯಿತು. ನಿಕೋಲಸ್ ಪಗಾನಿಯವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಬೇಳದ ಇಗರ್ಜಿ ಎದ್ದು ನಿಂತದ್ದು ಇದಾದ ನಾಲ್ಕೇ ವರ್ಷಗಳಲ್ಲಿ. ಆ ದಶಕ ಹೊಸ ಆಡಳಿತದ ಆತ್ಮವಿಶ್ವಾಸದ ಕಾಲ. ಅದರ ಗುರುತು ಪಟ್ಟಣದ ಕಾಲೇಜಿನಲ್ಲಿ ಮಾತ್ರವಲ್ಲ, ಧರ್ಮಪ್ರಾಂತ್ಯದ ದಕ್ಷಿಣದ ಅಂಚಿನ ಹಳ್ಳಿಯಲ್ಲಿಯೂ ಕಾಣುತ್ತದೆ.

ಶೈಲಿ ಮತ್ತು ಸಾಮಗ್ರಿ

ಗೋವೆಯ ಪರಂಪರೆಯಲ್ಲಿ ಬೆಳೆದ ಸಮುದಾಯವೊಂದು ಗೋಥಿಕ್ ಶೈಲಿಯ ದೇವಾಲಯದಲ್ಲಿ ಕೂಡುವುದು ಸಹಜವಾದ ಸಂಗತಿಯೇನಲ್ಲ. ಗೋವೆಯ ಇಗರ್ಜಿಗಳ ಮಾದರಿ ಬರೋಕ್ ಕಾಲದ್ದು: ಅರ್ಧವೃತ್ತದ ಕಮಾನು, ಅಡ್ಡಪಟ್ಟಿಗಳಿಂದ ಅಂತಸ್ತುಗಳಾಗಿ ಭಾಗವಾದ ಮುಖಭಿತ್ತಿ, ಸುರುಳಿಯ ಅಲಂಕಾರ, ಒಳಗೆ ಚಿನ್ನದ ಮೆರುಗಿನ ಮರದ ಪೀಠ. ಗೋಥಿಕ್ ಕಟ್ಟಡದ ಕಣ್ಣು ಅಡ್ಡಕ್ಕಲ್ಲ, ಮೇಲಕ್ಕೆ. ತುದಿ ಚೂಪಾದ ಕಮಾನು, ಎತ್ತರಕ್ಕೆ ಏರುವ ಗೆರೆಗಳು, ಮೊನಚಾದ ಶಿಖರಗಳು ಅದರ ಲಕ್ಷಣ. ಮಧ್ಯಯುಗದ ಯುರೋಪಿನ ಈ ಶೈಲಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರುಹುಟ್ಟು ದೊರೆಯಿತು. ಪ್ಯೂಜಿನ್‌ನಂತಹವರು ಅದನ್ನೇ ನಿಜವಾದ ಕ್ರೈಸ್ತ ವಾಸ್ತುವೆಂದು ವಾದಿಸಿದರು. ಸಾಮ್ರಾಜ್ಯದ ದಾರಿಯಲ್ಲಿ ಅದು ಭಾರತಕ್ಕೂ ಬಂದಿತು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ 1888ರ ಹೊತ್ತಿಗೆ ಪೂರ್ಣಗೊಂಡಿತ್ತು. ಮದರಾಸಿನ ಸಾಂತೋಮ್ ದೇವಾಲಯವನ್ನು ಗೋಥಿಕ್ ರೂಪದಲ್ಲಿ ಮರುನಿರ್ಮಿಸಿದ ಕಾರ್ಯ ಮುಗಿದದ್ದು 1896ರಲ್ಲಿ. ಮೈಸೂರಿನ ಸಂತ ಫಿಲೋಮಿನಾ ದೇವಾಲಯ 1930ರ ದಶಕದ್ದು. ಈ ಕಾಲಾನುಕ್ರಮದಲ್ಲಿಟ್ಟು ನೋಡಿದಾಗ ಬೇಳದ 1890 ಗಮನಾರ್ಹವಾಗುತ್ತದೆ. ನಗರಗಳಲ್ಲಿ ಆ ಶೈಲಿ ಪ್ರಚಲಿತವಾಗಿದ್ದ ಹೊತ್ತಿನಲ್ಲಿಯೇ ಅದು ಇಲ್ಲಿನ ಒಳನಾಡಿನ ಗುಡ್ಡಕ್ಕೂ ಬಂದಿತ್ತು.

ಆದರೆ ಶೈಲಿ ಬಂದಂತೆ ಸಾಮಗ್ರಿ ಬರಲಿಲ್ಲ. ಮಲಬಾರಿನ ಕಡೆಯಿಂದ ಬಂದ ರೈಲುಮಾರ್ಗ ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಅದಕ್ಕೆ ಮೊದಲು ಈ ಸೀಮೆಯಲ್ಲಿ ಭಾರದ ಸರಕು ಸಾಗುತ್ತಿದ್ದುದು ಕಡಲು ಮತ್ತು ಹೊಳೆಗಳ ದೋಣಿಯಲ್ಲಿ, ಅನಂತರ ಎತ್ತಿನ ಗಾಡಿಯಲ್ಲಿ. ಹೀಗಾಗಿ ಅಂದಿನ ಗ್ರಾಮೀಣ ಇಗರ್ಜಿಗಳು ಕಾಲಡಿಯ ನೆಲದಿಂದಲೇ ಎದ್ದವು. ಮುರಕಲ್ಲಿನ ಗುಣ ತಿಳಿಯದೆ ಈ ನಾಡಿನ ಕಟ್ಟಡಗಳ ರೂಪ ಅರ್ಥವಾಗದು. ಕಣಿಯಿಂದ ತೆಗೆಯುವಾಗ ಅದು ಕೊಡಲಿಗೆ ಬಗ್ಗುವಷ್ಟು ಮೆತ್ತಗಿರುತ್ತದೆ. ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಭಾರವನ್ನು ಹೊರಬಲ್ಲದು, ಆದರೆ ಮೈತುಂಬ ರಂಧ್ರವಿರುವುದರಿಂದ ಅದರಲ್ಲಿ ನವುರಾದ ಕೆತ್ತನೆ ಮಾಡಲಾಗದು. ಯುರೋಪಿನ ಶಿಲ್ಪಿ ಸುಣ್ಣಕಲ್ಲಿನಲ್ಲಿ ಉಳಿಯಿಂದ ಬಿಡಿಸುತ್ತಿದ್ದ ಅಂಚು, ಪಟ್ಟಿ, ಎಲೆಬಳ್ಳಿಗಳನ್ನು ಇಲ್ಲಿಯ ಕೆಲಸಗಾರ ಗಾರೆಯಲ್ಲಿ ಮೂಡಿಸಬೇಕಾಯಿತು. ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಮತ್ತು ಮರಳನ್ನು ಅರೆದು ಹದಗೊಳಿಸಿದ ಗಾರೆ ಕರಾವಳಿಯ ಕಟ್ಟುಗಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. ದೇವಸ್ಥಾನದ ಗೋಡೆಗೂ ಗುತ್ತಿನ ಮನೆಯ ಗೋಡೆಗೂ ಬಳಕೆಯಾಗುತ್ತಿದ್ದ ವಿದ್ಯೆಯೇ ಇಗರ್ಜಿಯ ಕಮಾನಿಗೂ ಒದಗಿತು.

ಎರಡನೆಯ ವ್ಯತ್ಯಾಸ ಮಾಡಿನದು. ಯುರೋಪಿನ ದೊಡ್ಡ ಗೋಥಿಕ್ ದೇವಾಲಯಗಳಲ್ಲಿ ಮೇಲ್ಛಾವಣಿ ಕಲ್ಲಿನ ಕಮಾನುಗಳದ್ದು. ಅದರ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ; ಆ ತಳ್ಳುವಿಕೆಯನ್ನು ತಡೆಯಲು ಹೊರಗಿನಿಂದ ಊರೆಕಟ್ಟುಗಳು ಬೇಕಾಗುತ್ತವೆ. ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ವಾರ್ಷಿಕ ಮಳೆ ಸುರಿಯುವ ಕಾಸರಗೋಡಿನ ಸೀಮೆಗೆ ಬೇಕಾದುದು ಕಡಿದಾದ ಇಳಿಜಾರಿನ ಮಾಡು. ಅದನ್ನು ಒದಗಿಸಿದ್ದು ಮರದ ತೊಲೆ ಪಕಾಸುಗಳು ಮತ್ತು ಮಂಗಳೂರು ಹಂಚು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಹಂಚಿನ ಕಾರ್ಖಾನೆ ಇಡೀ ಕರಾವಳಿಯ ಛಾವಣಿಯನ್ನೇ ಬದಲಿಸಿತು. ಮರದ ಕಟ್ಟಿನಲ್ಲಿ ಅಡ್ಡತೊಲೆ ಎರಡು ಪಕ್ಕದ ಪಕಾಸುಗಳನ್ನು ಬಿಗಿದು ಹಿಡಿಯುವುದರಿಂದ ಗೋಡೆಯ ಮೇಲೆ ಬೀಳುವ ಭಾರ ನೇರವಾಗಿ ಕೆಳಗಿಳಿಯುತ್ತದೆ. ಹೊರಗಿನ ಊರೆಗಳ ರಚನಾತ್ಮಕ ಅಗತ್ಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹೀಗೆ ಗೋಥಿಕ್‌ನ ಯಂತ್ರತಂತ್ರ ಹಿಂದುಳಿದು ಅದರ ರೇಖೆ ಮಾತ್ರ ಉಳಿಯಿತು. ಇದನ್ನು ಅನುಕರಣೆಯ ಕೊರತೆಯೆಂದು ಎಣಿಸಬೇಕಾಗಿಲ್ಲ. ಚೂಪು ಕಮಾನು ಅಷ್ಟೇ ಅಗಲದ ಅರ್ಧವೃತ್ತದ ಕಮಾನಿಗಿಂತ ಕಡಿಮೆ ಪ್ರಮಾಣದಲ್ಲಿ ಪಕ್ಕಕ್ಕೆ ತಳ್ಳುತ್ತದೆ. ಮುರಕಲ್ಲಿನ ಗೋಡೆಗೆ ಅದು ಹಿತವಾದ ರೂಪ. ಬಂದ ಶೈಲಿಯಲ್ಲಿ ಈ ನೆಲಕ್ಕೆ ಒಗ್ಗುವುದನ್ನು ಮೇಸ್ತ್ರಿಗಳು ಉಳಿಸಿಕೊಂಡರು.

ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. ಬಾಸೆಲ್ ಮಿಶನ್ ಪ್ರೊಟೆಸ್ಟಂಟರದು. ಧರ್ಮಪ್ರಚಾರದಲ್ಲಿ ಕಥೋಲಿಕರಿಗೆ ಎದುರು ನಿಂತ ಸಂಸ್ಥೆ. ಆದರೂ ಕಥೋಲಿಕ ನಾಡಿನ ಮಾಡುಗಳ ಮೇಲೆ ಬಾಸೆಲ್ ಮಿಶನ್ ರೂಢಿಸಿದ ಹಂಚು ಹರಡಿತು. ಯೇಸುಸಭೆಯ ಆಂಜೆಲೊ ಮಾಫೆಯ್ ಅವರ ಕೊಂಕಣಿ ವ್ಯಾಕರಣ 1882ರಲ್ಲಿಯೂ ನಿಘಂಟು 1883ರಲ್ಲಿಯೂ ಮುದ್ರಣವಾದದ್ದು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಹಂಚು ಮತ್ತು ಅಚ್ಚು ಎರಡರಲ್ಲಿಯೂ ಪಂಥಭೇದ ವ್ಯವಹಾರಕ್ಕೆ ಅಡ್ಡಿಯಾಗಲಿಲ್ಲ.

ವ್ಯಾಕುಲಮಾತೆ ಮತ್ತು ಊರಿನ ಪಂಚಾಂಗ

ಬೇಳದ ಇಗರ್ಜಿ ಸಮರ್ಪಿತವಾಗಿರುವುದು ಮಗನ ಯಾತನೆಗೆ ಸಾಕ್ಷಿಯಾಗಿ ನಿಂತ ತಾಯಿ ಮರಿಯಳಿಗೆ. ಕಥೋಲಿಕ ಸಂಪ್ರದಾಯ ಆಕೆಯ ಏಳು ದುಃಖಗಳನ್ನು ಎಣಿಸುತ್ತದೆ: ಸಿಮೆಯೋನನ ಭವಿಷ್ಯವಾಣಿಯಿಂದ ತೊಡಗಿ ಈಜಿಪ್ಟಿಗೆ ಪಲಾಯನ, ಬಾಲಕ ಯೇಸು ಕಾಣೆಯಾದುದು, ಶಿಲುಬೆಯ ಹಾದಿಯಲ್ಲಿ ಭೇಟಿ, ಶಿಲುಬೆಯ ಮರಣ, ದೇಹವನ್ನು ಇಳಿಸಿ ಮಡಿಲಲ್ಲಿರಿಸಿದುದು, ಸಮಾಧಿ. ಈ ಭಕ್ತಿಯ ಹಬ್ಬವನ್ನು ಸೆಪ್ಟೆಂಬರ್ 15ಕ್ಕೆ ನಿಗದಿಗೊಳಿಸಿದ್ದು 1913ರಲ್ಲಿ ಹತ್ತನೆಯ ಪಯಸ್ ಪೋಪರು. ಸೆರೆ, ವಲಸೆ ಮತ್ತು ಮರಳಿಕೆಯ ಸ್ಮೃತಿಯನ್ನು ಹೊತ್ತ ಸಮುದಾಯಕ್ಕೆ ಪಲಾಯನ ಮತ್ತು ಅಗಲಿಕೆಗಳ ಈ ಸರಣಿ ದೂರದ ಕಥೆಯಾಗಿರಲಾರದು.

ಅದಕ್ಕೆ ಒಂದು ವಾರ ಮುಂಚೆ, ಸೆಪ್ಟೆಂಬರ್ 8ರಂದು, ಮರಿಯಳ ಜನ್ಮದಿನವಾದ ಮೊಂತಿ ಫೆಸ್ತ್ ಬರುತ್ತದೆ. ಅಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಒಯ್ಯಲಾಗುತ್ತದೆ. ಮಕ್ಕಳು ಹೂ ಅರ್ಪಿಸುತ್ತಾರೆ. ಮನೆಯಲ್ಲಿ ಹೊಸಕ್ಕಿಯನ್ನು ಬೆರೆಸಿ ಶಾಕಾಹಾರದ ಊಟವಾಗುತ್ತದೆ. ನೆರೆಯ ತುಳುವರ ಮನೆಗಳಲ್ಲಿ ಆಚರಿಸುವ ತೆನೆ ಕಟ್ಟುವ ಕ್ರಮ ಮತ್ತು ಹೊಸಕ್ಕಿ ಊಟದೊಡನೆ ಇದರ ನಂಟು ಎದ್ದು ಕಾಣುವಂಥದು. ಒಂದೇ ಗದ್ದೆಯ ತೆನೆ ಎರಡು ಪಂಚಾಂಗಗಳಲ್ಲಿ ಪವಿತ್ರವಾಗುತ್ತಿತ್ತು.

ಊರಿನ ಮಾತಿನಲ್ಲಿಯೂ ಇಗರ್ಜಿ ತನ್ನ ಗುರುತನ್ನು ಬಿಟ್ಟಿದೆ. ಇಗರ್ಜಿ, ಪಾದ್ರಿ, ಖುರ್ಸು, ಫೆಸ್ತ್, ವಿಗಾರ್ ಎಂಬ ಪೋರ್ಚುಗೀಸ್ ಮೂಲದ ಪದಗಳು ಕೊಂಕಣಿಯ ಮೂಲಕ ಸ್ಥಳೀಯ ಕನ್ನಡಕ್ಕೂ ತುಳುವಿಗೂ ಇಳಿದವು. ಅದೇ ವೇಳೆಗೆ ಧರ್ಮಕೇಂದ್ರದ ಆಡಳಿತಕ್ಕೆ ಊರಿನ ಪದವೇ ಒದಗಿತು: ವಾಡೊಗಳಾಗಿ ವಿಂಗಡಿಸಿದ ಕ್ರೈಸ್ತ ಮನೆಗಳಿಗೆ ಮುಖಂಡನಾದವನು ಗುರ್ಕಾರ, ಅಂದರೆ ತುಳುನಾಡಿನ ಗುರಿಕಾರ. ರೋಮಿನ ನಿಯಮ, ಗೋವೆಯ ಶಬ್ದ, ತುಳುನಾಡಿನ ಸ್ಥಾನಮಾನ ಮೂರೂ ಒಂದು ಚಿಕ್ಕ ಧರ್ಮಕೇಂದ್ರದ ದಿನನಿತ್ಯದ ವ್ಯವಹಾರದಲ್ಲಿ ಬೆರೆತವು.

ಹೊಸ ಗಡಿ

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಮಂಜೇಶ್ವರದ ಗೋವಿಂದ ಪೈ, ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರ ನಾಡು ಈ ವಿವಾದದ ಕೇಂದ್ರವಾಗಿತ್ತು. ಯೇಸುವಿನ ಕೊನೆಯ ದಿನವನ್ನು ವಸ್ತುವಾಗುಳ್ಳ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಕನ್ನಡಕ್ಕೆ ಕೊಟ್ಟವರು ಇದೇ ಗೋವಿಂದ ಪೈ ಎಂಬುದನ್ನು ಇಲ್ಲಿ ನೆನೆಯಬಹುದು. ಈ ಸೀಮೆಯಲ್ಲಿ ಕನ್ನಡ ಯಾವುದೊಂದು ಮತದ ಸೊತ್ತಾಗಿರಲಿಲ್ಲ.

ರಾಜ್ಯದ ಗಡಿ ಬದಲಾದರೂ ಧರ್ಮಪ್ರಾಂತ್ಯದ ಗಡಿ ಬದಲಾಗಲಿಲ್ಲ. 1923ರಲ್ಲಿಯೇ ಮಲಬಾರಿನ ಭಾಗಗಳು ಮಂಗಳೂರಿನಿಂದ ಬೇರ್ಪಟ್ಟು ಕಲ್ಲಿಕೋಟೆಯ ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಬೇಳ ಆಗಲೂ ಮಂಗಳೂರಿನಲ್ಲಿ ಉಳಿಯಿತು, 1956ರ ಬಳಿಕವೂ ಉಳಿಯಿತು. 2012ರಲ್ಲಿ ಉತ್ತರದ ಭಾಗಗಳು ಉಡುಪಿ ಧರ್ಮಪ್ರಾಂತ್ಯವಾಗಿ ಹೊರಬಂದಾಗಲೂ ದಕ್ಷಿಣದ ಈ ಅಂಚು ಅಲುಗಲಿಲ್ಲ. ಸರಕಾರಿ ಕಚೇರಿಗೆ ತಿರುವನಂತಪುರ, ಇಗರ್ಜಿಗೆ ಮಂಗಳೂರು ಎಂಬ ದ್ವಿಮುಖ ಸಂಬಂಧ ಹೀಗೆ ನೆಲೆಗೊಂಡಿತು.

ಗಡಿಯ ಪರಿಣಾಮ ಎಲ್ಲೆಡೆ ಒಂದೇ ರೀತಿಯದಾಗಿರಲಿಲ್ಲ. ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಕರ್ನಾಟಕದಲ್ಲಿ ಅಂತಹ ನಿರ್ಣಾಯಕ ತಿದ್ದುಪಡಿ ಜಾರಿಯಾದುದು 1974ರಲ್ಲಿ. ಗಡಿಯ ಈಚೆಗಿನ ಒಕ್ಕಲಿಗೆ ಆಚೆಗಿನ ಬಂಧುವಿಗಿಂತ ನಾಲ್ಕು ವರ್ಷ ಮೊದಲೇ ಜಮೀನಿನ ಹಕ್ಕು ದೊರೆಯುವ ದಾರಿ ತೆರೆಯಿತು. ಭಾಷೆಯ ವಿಚಾರದಲ್ಲಿ ನಷ್ಟವನ್ನು ಕಂಡ ಸಮುದಾಯ ಭೂಮಿಯ ವಿಚಾರದಲ್ಲಿ ಲಾಭವನ್ನು ಕಂಡಿತು. ಕಾಸರಗೋಡಿನ ಚರಿತ್ರೆಯನ್ನು ಬರಿಯ ಅಳಲಿನ ಕಥನವಾಗಿ ಬರೆಯುವವರು ಈ ಎರಡನೆಯ ಮುಖವನ್ನು ಕಡೆಗಣಿಸುವುದುಂಟು.

ಇದೇ ಅವಧಿಯಲ್ಲಿ ತಿರುವಾಂಕೂರಿನ ಕಡೆಯಿಂದ ವಲಸೆ ಬಂದ ಸಿರಿಯನ್ ಕ್ರೈಸ್ತರು ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ನೆಲೆಸಿದರು. ಅವರ ಆರಾಧನೆಯ ಭಾಷೆ ಮಲೆಯಾಳ. ಅವರ ವಿಧಿ ಸಿರೋ-ಮಲಬಾರ್. ಒಂದೇ ಜಿಲ್ಲೆಯಲ್ಲಿ, ಒಂದೇ ಪೋಪರ ವಿಧೇಯತೆಯಲ್ಲಿ, ಎರಡು ಕಥೋಲಿಕ ಸಮುದಾಯಗಳು ಎರಡು ಭಾಷೆ ಮತ್ತು ಎರಡು ವಿಧಿಗಳೊಡನೆ ಬಾಳತೊಡಗಿದವು. ಮತದ ಐಕ್ಯ ಭಾಷೆಯ ಐಕ್ಯವನ್ನು ತಾನಾಗಿ ತರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಲಿಪಿಯ ಪ್ರಶ್ನೆ

1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನ ಆರಾಧನೆಯಲ್ಲಿ ದೇಶಭಾಷೆಗಳ ಬಳಕೆಗೆ ಅವಕಾಶ ನೀಡಿತು. ಲತೀನಿನ ಸ್ಥಾನವನ್ನು ತುಂಬಬೇಕಾದ ಭಾಷೆ ಯಾವುದು ಎಂಬ ಪ್ರಶ್ನೆ ಬೇಳದಂತಹ ಊರಿನಲ್ಲಿ ಸರಳವಲ್ಲ. ರಾಜ್ಯದ ಭಾಷೆ ಮಲೆಯಾಳ, ಶಾಲೆಯ ಭಾಷೆ ಕನ್ನಡ, ಬೀದಿಯ ಭಾಷೆ ತುಳು, ಮನೆಯ ಭಾಷೆ ಕೊಂಕಣಿ. ಧರ್ಮಪ್ರಾಂತ್ಯ ಮಂಗಳೂರಿನದಾದುದರಿಂದ ಕೊಂಕಣಿಗೆ ಆ ಸ್ಥಾನ ದೊರೆಯಿತು. ಮಂಗಳೂರಿನ ಕೊಂಕಣಿ ಅಚ್ಚಾಗುತ್ತಿದ್ದುದು ಕನ್ನಡ ಲಿಪಿಯಲ್ಲಿ. 1912ರ ‘ಕೊಂಕಣಿ ದಿರ್ವೆಂ’, 1938ರ ‘ರಾಕ್ಣೊ’ ಪತ್ರಿಕೆಗಳಿಂದ ತೊಡಗಿ ಪ್ರಾರ್ಥನಾ ಪುಸ್ತಕ, ಗೀತೆ, ಧರ್ಮೋಪದೇಶದವರೆಗೆ ಒಂದು ಸಮೃದ್ಧ ಬರವಣಿಗೆ ಈ ಲಿಪಿಯಲ್ಲಿ ಬೆಳೆದಿತ್ತು. ಗೋವೆಯ ಕೊಂಕಣಿ ರೋಮನ್ ಮತ್ತು ನಾಗರಿ ಲಿಪಿಗಳ ನಡುವೆ ಚರ್ಚಿಸುತ್ತಿದ್ದಾಗ ಕೆನರಾದ ಕೊಂಕಣಿ ಕ್ರೈಸ್ತರು ಕನ್ನಡದ ಅಕ್ಷರಗಳಲ್ಲಿ ತಮ್ಮ ಸಾಹಿತ್ಯವನ್ನು ಕಟ್ಟಿಕೊಂಡಿದ್ದರು.

ಬೇಳದ ಪ್ರಶ್ನೆ ಸೂಕ್ಷ್ಮವಾಗುವುದು ಈ ಘಟ್ಟದಲ್ಲಿ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವುದನ್ನು ಪ್ರತ್ಯೇಕವಾಗಿ ಕಲಿಸುವ ಶಾಲೆ ಈ ಊರುಗಳಿಗೆ ಬೇಕಾಗಿರಲಿಲ್ಲ. ಮಗು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿಯುತ್ತಿತ್ತು; ಅದೇ ಅಕ್ಷರಜ್ಞಾನ ಸಂಜೆಯ ತೇರ್ಸದ ಪುಸ್ತಕಕ್ಕೂ ಭಾನುವಾರದ ಗೀತೆಗೂ ಸಾಕಾಗುತ್ತಿತ್ತು. ಕನ್ನಡ ಶಾಲೆ ತನಗರಿವಿಲ್ಲದೆಯೇ ಕೊಂಕಣಿ ಇಗರ್ಜಿಯನ್ನು ಪೋಷಿಸುತ್ತಿತ್ತು. ಇಂಗ್ಲಿಷ್ ಮಾಧ್ಯಮಕ್ಕೋ ಮಲೆಯಾಳ ಮಾಧ್ಯಮಕ್ಕೋ ಹೋದ ಮಗು ಮನೆಯಲ್ಲಿ ಕೊಂಕಣಿಯನ್ನು ಸೊಗಸಾಗಿ ಆಡಬಲ್ಲುದು, ಆದರೆ ಅಜ್ಜಿಯ ಪ್ರಾರ್ಥನಾ ಪುಸ್ತಕದ ಮುಂದೆ ಅದು ನಿರಕ್ಷರಿ. ಭಾಷೆ ಉಳಿದು ಓದು ಅಳಿಯುವ ಈ ವಿಚಿತ್ರ ಸ್ಥಿತಿ ಜನಗಣತಿಯ ಮಾತೃಭಾಷಾ ಕೋಷ್ಟಕದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಕಾಯಿದೆಯ ದೃಷ್ಟಿಗೂ ಇದು ಬೀಳುವುದಿಲ್ಲ. 1969ರ ಕೇರಳ ರಾಜಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶ ನೀಡಿದೆ. 2017ರಲ್ಲಿ ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ಕಾಸರಗೋಡಿನ ಕನ್ನಡಿಗರು ಅದನ್ನು ಪ್ರತಿಭಟಿಸಿದರು. ಈ ಚರ್ಚೆಗಳೆಲ್ಲ ‘ಕನ್ನಡ ಮಾತೃಭಾಷೆಯವರು’ ಎಂಬ ಗಣವನ್ನು ಕುರಿತವು. ಕೊಂಕಣಿ ಮನೆಮಾತಿನ ಕುಟುಂಬ ಆ ಗಣದಲ್ಲಿ ಎಣಿಕೆಯಾಗುವುದಿಲ್ಲ, ಆದರೆ ಕನ್ನಡ ಶಾಲೆ ಮುಚ್ಚಿದಾಗ ಅದಕ್ಕಾಗುವ ನಷ್ಟ ಕನ್ನಡ ಮನೆಮಾತಿನವರದಕ್ಕಿಂತ ಕಡಿಮೆಯದಲ್ಲ. ಹಾಗಾಗಿ ಗಡಿನಾಡಿನ ಕನ್ನಡದ ಸ್ಥಿತಿಯನ್ನು ಅಳೆಯುವಾಗ ಅದನ್ನು ಆಡುವವರ ಸಂಖ್ಯೆಯೊಂದೇ ಮಾನದಂಡವಾಗಲಾರದು. ಅದರ ಅಕ್ಷರವನ್ನು ಆಶ್ರಯಿಸಿದ ಇತರ ಭಾಷೆಗಳ ಬಾಳೂ ಲೆಕ್ಕಕ್ಕೆ ಬರಬೇಕು. ಇದೇ ಲಿಪಿಯಲ್ಲಿ ಬರೆಯಲಾಗುವ ತುಳುವಿಗೂ ಈ ಮಾತು ಅನ್ವಯಿಸುತ್ತದೆ.

ಇಗರ್ಜಿಗಳ ಸಂರಕ್ಷಣೆಯೆಂದರೆ ಸಾಮಾನ್ಯವಾಗಿ ಗೋಡೆ, ಮಾಡು, ಶಿಖರಗಳ ದುರಸ್ತಿಯೆಂದು ಭಾವಿಸಲಾಗುತ್ತದೆ. ಮುರಕಲ್ಲಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಹೋಗಲಾರದೆ ಗಾರೆ ಸಿಡಿಯುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಕಟ್ಟಡದ ಈ ಪಾಠ ಭಾಷೆಗೂ ಸಲ್ಲುವಂಥದು. ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳು, ಕನ್ನಡ ಲಿಪಿಯ ಹಳೆಯ ಪ್ರಾರ್ಥನಾ ಪುಸ್ತಕಗಳು, ಸಮಾಧಿಗಳ ಮೇಲಿನ ಬರಹಗಳು ಇವೆಲ್ಲ ಕಟ್ಟಡದಷ್ಟೇ ಚರಿತ್ರೆಯ ಅಂಗಗಳು. ಅವುಗಳ ಪ್ರತಿ ತೆಗೆದಿಡುವ ಕೆಲಸ ಧರ್ಮಪ್ರಾಂತ್ಯವೂ ವಿಶ್ವವಿದ್ಯಾಲಯಗಳೂ ಒಡಗೂಡಿ ಮಾಡತಕ್ಕದ್ದು. ಆದರೆ ಪ್ರತಿ ತೆಗೆದಿಟ್ಟದ್ದನ್ನು ಓದಬಲ್ಲವರು ಊರಿನಲ್ಲಿಯೇ ಇರಬೇಕಾದರೆ ನೀರ್ಚಾಲು, ಬದಿಯಡ್ಕ, ಕುಂಬಳೆಗಳ ಕನ್ನಡ ತರಗತಿಗಳಲ್ಲಿ ಮಕ್ಕಳು ಕುಳಿತಿರಬೇಕು.